ಕಿವಿ ಸರಿಯಿದ್ದರೂ ಮಾತು ಮಸುಕಾಗುವ ಮಕ್ಕಳು: ಡಿಸ್ಲೆಕ್ಸಿಯಾ ಮತ್ತು ಶ್ರವಣ ಸಂಸ್ಕರಣೆ



ಪ್ರಾಥಮಿಕ ಶಾಲೆಯಲ್ಲಿ ಜೀವಮಾನವಿಡೀ ಅಕ್ಷರ ಕಲಿಸಿದ ಶಿಕ್ಷಕಿಯೊಬ್ಬರ ನೆನಪಿಗೆ ಅವರ ಮಕ್ಕಳು ಇಟ್ಟಿರುವ ದತ್ತಿಯ ಉಪನ್ಯಾಸ ಇದು. ಅಂಥವರ ಹೆಸರಿನಲ್ಲಿ ಮಾತಾಡುವಾಗ ವಿಷಯವೂ ತರಗತಿಯ ಬೆಂಚಿನ ಹತ್ತಿರವೇ ಇರಬೇಕು ಅನ್ನಿಸಿತು. ಹಾಗಾಗಿ ಶ್ರವಣತಜ್ಞೆಯಾಗಿ ನಾನು ಮತ್ತೆ ಮತ್ತೆ ಕಾಣುವ ಕೆಲವು ಮಕ್ಕಳ ವಿಚಾರವನ್ನೇ ಆರಿಸಿಕೊಂಡಿದ್ದೇನೆ. ಈ ಮಕ್ಕಳ ಬುದ್ಧಿ ಚುರುಕು. ಕಿವಿ ಪರೀಕ್ಷೆಯ ವರದಿಯಲ್ಲಿ ಕೊರತೆಯಿಲ್ಲ. ಆದರೂ ಓದು ಹತ್ತುವುದಿಲ್ಲ, ಗದ್ದಲದ ನಡುವೆ ಹೇಳಿದ ಮಾತು ತಲೆಗೆ ಹೋಗುವುದಿಲ್ಲ.

ನಾನು ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಓದಿನಲ್ಲಿ ಹಿಂದೆ ಬಿದ್ದ ಮಗುವಿನ ವಿಚಾರಣೆ ‘ಕಿವಿ ಸರಿಯಿದೆ’ ಎಂಬ ವರದಿಯೊಂದಿಗೆ ಮುಗಿಯಬಾರದು. ಕಿವಿಗೆ ಬಿದ್ದ ಮಾತನ್ನು ಮಿದುಳು ಹೇಗೆ ಬಿಡಿಸಿಕೊಳ್ಳುತ್ತದೆ ಎಂಬುದನ್ನೂ ನೋಡಬೇಕು. ತೊಂದರೆ ಕಂಡರೆ ದುಬಾರಿ ಪ್ಯಾಕೇಜುಗಳ ಹಿಂದೆ ಓಡದೆ, ಅಕ್ಷರ ಮತ್ತು ಶಬ್ದವನ್ನು ಜೊತೆಜೊತೆಯಾಗಿ ಕಲಿಸಬೇಕು, ತರಗತಿಯ ಗದ್ದಲವನ್ನು ಇಳಿಸಬೇಕು.

ಕಣ್ಣಿನಿಂದ ಕಿವಿಯ ಕಡೆಗೆ

ಓದಿನ ತೊಂದರೆಗೆ ‘ಡಿಸ್ಲೆಕ್ಸಿಯಾ’ ಎಂಬ ಹೆಸರನ್ನು 1887ರಲ್ಲಿ ಬಳಕೆಗೆ ತಂದವರು ಜರ್ಮನಿಯ ಸ್ಟುಟ್‌ಗಾರ್ಟಿನ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ 14 ವರ್ಷದ ಹುಡುಗನೊಬ್ಬನ ವಿವರ ಬರೆದರು. ಜಾಣ ಹುಡುಗ; ಲೆಕ್ಕ ಬರುತ್ತಿತ್ತು, ಓದು ಮಾತ್ರ ದಕ್ಕಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೆಲ್ಲ ಇವನೇ ಬುದ್ಧಿವಂತನಾಗುತ್ತಿದ್ದ ಎಂಬುದು ಅವನ ಮೇಷ್ಟರ ಅಭಿಪ್ರಾಯವಾಗಿತ್ತು. ಮಾರ್ಗನ್ ಇದನ್ನು ಪದಗಳ ಹುಟ್ಟುಗುರುಡು ಎಂದು ಕರೆದರು. ಮುಂದೆ ದಶಕಗಳ ಕಾಲ ಹೆಚ್ಚಿನವರು ತಪ್ಪನ್ನು ಹುಡುಕಿದ್ದು ಕಣ್ಣಿನಲ್ಲಿ, ನೋಟದಲ್ಲಿ.

1970ರ ದಶಕದಲ್ಲಿ ದಿಕ್ಕು ಬದಲಾಯಿತು. ಅಮೆರಿಕದ ಇಸಬೆಲ್ ಲಿಬರ್ಮನ್ ಮತ್ತು ಸಂಗಡಿಗರು ಪುಟ್ಟ ಮಕ್ಕಳ ಕೈಗೆ ಕಡ್ಡಿ ಕೊಟ್ಟು, ಒಂದು ಪದದಲ್ಲಿ ಎಷ್ಟು ತುಂಡುಗಳಿವೆಯೋ ಅಷ್ಟು ಸಲ ಮೇಜು ತಟ್ಟಲು ಹೇಳಿದರು. ನರ್ಸರಿ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಉಚ್ಚಾರದ ತುಂಡುಗಳನ್ನು, ಅಂದರೆ ಸಿಲಬಲ್ಲುಗಳನ್ನು, ಎಣಿಸಬಲ್ಲವರಾಗಿದ್ದರು. ಬಿಡಿ ಧ್ವನಿಗಳನ್ನು ಎಣಿಸಬಲ್ಲ ಮಗು ಒಂದೂ ಇರಲಿಲ್ಲ. ಒಂದನೆಯ ತರಗತಿ ಮುಗಿಸಿದವರಲ್ಲಿ ಶೇ. 70ರಷ್ಟು ಮಂದಿ ಬಿಡಿ ಧ್ವನಿಗಳನ್ನೂ ಎಣಿಸಿದರು. ಮಾತನ್ನು ಬಿಡಿ ಧ್ವನಿಗಳಾಗಿ ಒಡೆದು ನೋಡುವ ಶಕ್ತಿ ತಾನಾಗಿ ಬರುವಂಥದ್ದಲ್ಲ, ಬಹುಮಟ್ಟಿಗೆ ಓದು ಕಲಿಯುತ್ತಾ ಬೆಳೆಯುವಂಥದ್ದು ಎಂಬ ಸೂಚನೆ ಇದರಿಂದ ಸಿಕ್ಕಿತು. ಡಿಸ್ಲೆಕ್ಸಿಯಾ ಇರುವ ಮಕ್ಕಳು ಎಡವುವುದು ಬಹುಮಟ್ಟಿಗೆ ಇಲ್ಲೇ ಎಂಬುದನ್ನು ಇವತ್ತು ಸಂಶೋಧಕರು ಸಾಮಾನ್ಯವಾಗಿ ಒಪ್ಪುತ್ತಾರೆ. ವಾದ ಇರುವುದು ಅದರ ಹಿಂದಿನ ಪ್ರಶ್ನೆಯ ಬಗ್ಗೆ: ಮಾತನ್ನು ಒಡೆಯಲು ಆಗದಿರುವುದು ಕೆಲವು ಮಕ್ಕಳಿಗೆ ಮಾತು ಸ್ಪಷ್ಟವಾಗಿ ದಕ್ಕದಿರುವುದರಿಂದಲೇ?

ಆಡಿಯೋಗ್ರಾಮ್ ಹೇಳದ ಸಂಗತಿ

ಕಿವಿ ಪರೀಕ್ಷೆ ಎಂದರೆ ನಮಗೆ ಗೊತ್ತಿರುವುದು ಆಡಿಯೋಗ್ರಾಮ್. ನಿಶ್ಶಬ್ದ ಕೋಣೆಯಲ್ಲಿ ಮಗುವಿಗೆ ಹೆಡ್‌ಫೋನ್ ಹಾಕಿ, 250ರಿಂದ 8000 ಹರ್ಟ್ಸ್‌ವರೆಗಿನ ಬೀಪ್ ಸದ್ದುಗಳನ್ನು ಮೆಲ್ಲಗೆ, ಇನ್ನೂ ಮೆಲ್ಲಗೆ ಕೇಳಿಸುತ್ತೇವೆ. ಕೇಳಿಸಿದಾಗ ಮಗು ಕೈ ಎತ್ತುತ್ತದೆ. ಸದ್ದು ಕಿವಿಯೊಳಗೆ ತಲುಪುತ್ತದೆಯೇ ಎಂಬುದನ್ನು ಈ ಪರೀಕ್ಷೆ ಚೆನ್ನಾಗಿ ಹೇಳುತ್ತದೆ. ಅದರ ಆಚೆಗಿನದ್ದನ್ನು ಹೇಳುವುದಿಲ್ಲ.

ಮಾತು ಬೀಪ್ ಸದ್ದಿನಂತೆ ಇರುವುದಿಲ್ಲವಲ್ಲ. ‘ಬ’ ಮತ್ತು ‘ದ’ ಬೇರೆಯಾಗುವುದು ಧ್ವನಿ ಹೊರಟ ಮೊದಲ 40–50 ಮಿಲಿಸೆಕೆಂಡುಗಳಲ್ಲಿ. ಒಂದು ಸೆಕೆಂಡಿಗೆ ಸಾವಿರ ಮಿಲಿಸೆಕೆಂಡು ಎಂಬುದನ್ನು ನೆನೆದರೆ ಆ ಅವಧಿ ಎಷ್ಟು ಸಣ್ಣದೆಂದು ತಿಳಿಯುತ್ತದೆ. ತುಟಿ ಬಿಚ್ಚುವ ಮೊದಲೇ ಗಂಟಲಿನ ತಂತುಗಳು ಕಂಪಿಸಿದರೆ ‘ಬ’, ಬಿಚ್ಚಿದ ಮೇಲೆ ಕಂಪಿಸಿದರೆ ‘ಪ’. ಮಾತಾಡುವಾಗ ಇಂಥ ಸಿಲಬಲ್ಲುಗಳು ಸೆಕೆಂಡಿಗೆ ನಾಲ್ಕೈದರಂತೆ ಬರುತ್ತವೆ. ಫ್ಯಾನು, ರಸ್ತೆ, ಪಕ್ಕದ ಬೆಂಚಿನ ಪಿಸುಮಾತು ಎಲ್ಲವೂ ಅದರ ಮೇಲೆ ಬೀಳುತ್ತವೆ. ಸಣ್ಣ ಬಿಡುವುಗಳನ್ನು ಗುರುತಿಸುವುದು, ಗಿಡ್ಡ ಸದ್ದು ಉದ್ದ ಸದ್ದುಗಳನ್ನು ಬೇರ್ಪಡಿಸುವುದು, ಎರಡು ಕಿವಿಯಿಂದ ಬಂದದ್ದನ್ನು ಕೂಡಿಸುವುದು, ಗದ್ದಲದಿಂದ ಬೇಕಾದ ದನಿಯನ್ನು ಹೆಕ್ಕುವುದು, ಇದೆಲ್ಲ ಮಿದುಳಿನ ಕೆಲಸ. ಕಿವಿ ಸರಿಯಿದ್ದೂ ಈ ಕೆಲಸ ಕುಂಟಿದರೆ ಅದನ್ನು ಶ್ರವಣ ಸಂಸ್ಕರಣಾ ತೊಂದರೆ ಎನ್ನುತ್ತೇವೆ. ಆಸ್ಪತ್ರೆಯ ಮಾತಿನಲ್ಲಿ ಎಪಿಡಿ. ಆ ಮಗುವಿಗೆ ಸಿಗುವ ಮಾತು ಇಂಕು ಕಡಿಮೆಯಾದ ಜೆರಾಕ್ಸ್ ಪ್ರತಿಯ ಹಾಗೆ: ಹಾಳೆ ಪೂರ್ತಿ ಇದೆ, ಆದರೆ ದೀರ್ಘ ಎಲ್ಲಿ, ಒತ್ತು ಎಲ್ಲಿ ಎಂದು ಊಹಿಸಿಕೊಂಡೇ ಓದಬೇಕು.

ಐವತ್ತು ವರ್ಷಗಳ ಸಂಶೋಧನೆ

ಓದಿನ ತೊಂದರೆಯ ಹಿಂದೆ ಕೇಳುವಿಕೆಯ ತೊಂದರೆ ಇದೆಯೇ ಎಂಬ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಿದವರು ಸಂಶೋಧಕಿ ಪೌಲಾ ಟಲ್ಲಾಲ್. 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅವರು ಓದಿನ ತೊಂದರೆಯಿದ್ದ ಮಕ್ಕಳಿಗೆ ಬೇರೆ ಬೇರೆ ಸ್ಥಾಯಿಯ ಎರಡು ಪುಟ್ಟ ಸ್ವರಗಳನ್ನು ಕೇಳಿಸಿ, ಯಾವುದು ಮೊದಲು ಬಂತು ಎಂದು ಕೇಳಿದರು. ಎರಡರ ನಡುವೆ ಸಾಕಷ್ಟು ಬಿಡುವಿದ್ದಾಗ ಮಕ್ಕಳು ಸರಿಯಾಗಿ ಹೇಳಿದರು. ಬಿಡುವನ್ನು ಕೆಲವೇ ಮಿಲಿಸೆಕೆಂಡುಗಳಿಗೆ ಇಳಿಸಿದಾಗ ಹಲವರು ತಪ್ಪಿದರು. ವೇಗವಾಗಿ ಬರುವ ಸದ್ದುಗಳನ್ನು ಮಿದುಳು ಹಿಡಿಯಲಾರದ್ದೇ ಮೂಲ ತೊಂದರೆ ಎಂಬ ವಾದ ಇಲ್ಲಿಂದ ಬೆಳೆಯಿತು.

ಇದಕ್ಕೆ ಉತ್ತರವೂ ಬಂತು. 1997ರಲ್ಲಿ ಮರಿಯಾ ಮೋಡಿ, ಮೈಕೆಲ್ ಸ್ಟಡರ್ಟ್-ಕೆನಡಿ ಮತ್ತು ಸುಸಾನ್ ಬ್ರೇಡಿ ಇನ್ನೊಂದು ಪ್ರಯೋಗ ಮಾಡಿದರು. ಓದಿನಲ್ಲಿ ಹಿಂದುಳಿದ ಮಕ್ಕಳು ತೀರ ಹತ್ತಿರದ ‘ಬಾ–ಡಾ’ ಜೋಡಿಯಲ್ಲಿ ತಪ್ಪಿದರು; ಅಷ್ಟೇ ವೇಗದಲ್ಲಿ ಬಂದ, ಆದರೆ ಒಂದಕ್ಕೊಂದು ದೂರದ ‘ಬಾ–ಸಾ’ ಜೋಡಿಯಲ್ಲಿ ತಪ್ಪಲಿಲ್ಲ. ಮಾತಲ್ಲದ ಸದ್ದುಗಳಲ್ಲೂ ಹಿಂದೆ ಬೀಳಲಿಲ್ಲ. ಹಾಗಿದ್ದರೆ ವೇಗವೊಂದೇ ಕಾರಣವಲ್ಲ, ಮಾತಿನ ಧ್ವನಿಗಳನ್ನು ಬೇರ್ಪಡಿಸುವುದರಲ್ಲೇ ತೊಡಕಿದೆ ಎಂದು ಅವರು ವಾದಿಸಿದರು.

ಕೇಂಬ್ರಿಜ್‌ನ ಉಷಾ ಗೋಸ್ವಾಮಿ ಅವರದು ಬೇರೆ ದಾರಿ. ಪ್ರತಿ ಸಿಲಬಲ್ಲಿನ ಮೊದಲಲ್ಲಿ ದನಿ ಏರುತ್ತದೆ. ಆ ಏರಿಕೆ ಥಟ್ಟನೆ ಆಯಿತೋ ನಿಧಾನವಾಗಿ ಆಯಿತೋ ಎಂಬುದು ಡಿಸ್ಲೆಕ್ಸಿಯಾ ಇರುವ ಅನೇಕ ಮಕ್ಕಳಿಗೆ ಸುಲಭವಾಗಿ ತಿಳಿಯುವುದಿಲ್ಲ ಎಂದು ಅವರು 2002ರಲ್ಲಿ ತೋರಿಸಿದರು. ಇಂಗ್ಲಿಷ್, ಸ್ಪ್ಯಾನಿಷ್, ಚೀನೀ ಮಾತಾಡುವ ಮಕ್ಕಳಲ್ಲೂ ಇದೇ ಲಕ್ಷಣ ಕಂಡಿತು. ಮಾತಿನ ಲಯವೇ ಸರಿಯಾಗಿ ಹಿಡಿತಕ್ಕೆ ಸಿಗದಿದ್ದರೆ ಅದರೊಳಗಿನ ಧ್ವನಿಗಳನ್ನು ಬಿಡಿಸುವುದು ಕಷ್ಟ ಎಂಬುದು ಅವರ ನಿಲುವು. ಅಮೆರಿಕದ ನೀನಾ ಕ್ರಾಸ್ ಅವರ ತಂಡ ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಒಂದೇ ಸಿಲಬಲ್ಲನ್ನು ಸಾವಿರಾರು ಸಲ ಕೇಳಿಸಿ, ಮಿದುಳಿನ ಕಾಂಡದ ಪ್ರತಿಕ್ರಿಯೆಯನ್ನು ದಾಖಲಿಸಿತು. ಓದು ಚೆನ್ನಾಗಿದ್ದ ಮಕ್ಕಳಲ್ಲಿ ಪ್ರತಿಕ್ರಿಯೆ ಹೆಚ್ಚುಕಡಿಮೆ ಪ್ರತಿ ಸಲವೂ ಒಂದೇ ಥರ. ಓದು ಕಷ್ಟವಿದ್ದವರಲ್ಲಿ ಅದು ಸಲದಿಂದ ಸಲಕ್ಕೆ ಬದಲಾಗುತ್ತಿತ್ತು.

ಇಷ್ಟು ಕೇಳಿ, ಡಿಸ್ಲೆಕ್ಸಿಯಾ ಅಂದರೆ ಕೇಳುವಿಕೆಯ ತೊಂದರೆಯೇ ಎಂದು ತೀರ್ಮಾನಿಸಬೇಡಿ. 2003ರಲ್ಲಿ ಫ್ರಾಂಕ್ ರಾಮು ಮತ್ತು ಸಂಗಡಿಗರು ಡಿಸ್ಲೆಕ್ಸಿಯಾ ಇರುವ 16 ಕಾಲೇಜು ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕೂಲಂಕಷವಾಗಿ ಪರೀಕ್ಷಿಸಿದರು. ಮಾತಿನ ಧ್ವನಿಗಳನ್ನು ಒಡೆದು ಕೂಡಿಸುವುದರಲ್ಲಿ 16 ಮಂದಿಗೂ ಕಷ್ಟವಿತ್ತು. ಶ್ರವಣದ ತೊಂದರೆ ಕಂಡದ್ದು 10 ಮಂದಿಯಲ್ಲಿ. ಇನ್ನೊಂದು ಕಡೆಯಿಂದ ನೋಡಿದರೆ, ಎಪಿಡಿ ಸಂಶಯದಿಂದ ಬಂದ 68 ಮಕ್ಕಳ ಮೇಲೆ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 47ರಷ್ಟು ಮಕ್ಕಳಿಗೆ ಶ್ರವಣ ಸಂಸ್ಕರಣೆ, ಭಾಷೆ, ಓದು ಮೂರರಲ್ಲೂ ತೊಡಕಿತ್ತು. ಶ್ರವಣದ ತೊಂದರೆ ಓದಿನ ತೊಂದರೆಗೆ ಕಾರಣವೋ, ಜೊತೆಗೆ ಬರುವಂಥದ್ದೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಎರಡೂ ಇರುವ ಮಗುವಿನ ಹೊರೆ ಇಮ್ಮಡಿ, ಅದಕ್ಕೆ ಎರಡೂ ಕಡೆಯಿಂದ ಆಸರೆ ಬೇಕು. ಆ ಆಸರೆ ಕೊಡಲು ಚರ್ಚೆ ಮುಗಿಯಲಿ ಎಂದು ಕಾಯಬೇಕಾಗಿಲ್ಲ.

ಕನ್ನಡ ಕಲಿಯುವ ಕಿವಿ

ನಮ್ಮ ಲಿಪಿಯಲ್ಲಿ ಹೇಳಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ. ಹಾಗಾಗಿ ಕನ್ನಡದಲ್ಲಿ ಡಿಸ್ಲೆಕ್ಸಿಯಾ ಇರದು ಎಂಬ ನಂಬಿಕೆ ಇದೆ. ಇದು ಸರಿಯಲ್ಲ. ಇಂಗ್ಲಿಷಿನ ಸ್ಪೆಲಿಂಗಿನ ಗೊಂದಲ ನಮ್ಮಲ್ಲಿ ಇಲ್ಲದಿರಬಹುದು, ಆದರೆ ಕಾಗುಣಿತವೆಲ್ಲ ಸೇರಿ ಮಗು ನಾನ್ನೂರಕ್ಕೂ ಹೆಚ್ಚು ಅಕ್ಷರರೂಪಗಳನ್ನು ಕಲಿಯಬೇಕು, ಒತ್ತಕ್ಷರ ಅದರ ಮೇಲೆ. ಬೆಂಗಳೂರಿನಲ್ಲಿ ಕನ್ನಡ ಓದಿನ ಬಗ್ಗೆ ಸಂಶೋಧನೆ ನಡೆಸಿದ ಸೋನಾಲಿ ನಾಗ್, ಅಕ್ಷರಜ್ಞಾನ ಪೂರ್ತಿ ಕೈಹಿಡಿಯಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕಾಗುತ್ತವೆ, ಬಿಡಿ ಧ್ವನಿಗಳ ಅರಿವು ನಿಧಾನವಾಗಿ ಬರುತ್ತದೆ ಎಂದು 2007ರ ಅಧ್ಯಯನದಲ್ಲಿ ತೋರಿಸಿದ್ದಾರೆ.

ನಮ್ಮ ಅಕ್ಷರಗಳು ಕಿವಿಯಿಂದ ಬಯಸುವುದಾದರೂ ಏನನ್ನು? ‘ಕೊಡು’ ಮತ್ತು ‘ಕೋಡು’ ನಡುವೆ ಇರುವುದು ಒಂದು ಮಾತ್ರೆಯ ಅಂತರ. ‘ಕತೆ’ ಮತ್ತು ‘ಕತ್ತೆ’ ನಡುವೆ ಇರುವುದು ನಾಲಿಗೆ ಹಲ್ಲಿಗೆ ತಾಗಿ ನಿಂತ ಮೌನದ ಅಳತೆ. ‘ಗೋಡೆ’ಯಲ್ಲಿ ‘ಗ’ ‘ಕ’ಕ್ಕೆ ಜಾರಿ, ದೀರ್ಘವೂ ಕಳೆದರೆ ‘ಕೊಡೆ’. ‘ಬಲೆ’–‘ಬಳೆ’, ‘ಮನೆ’–‘ಮಣೆ’ ಬೇರೆಯಾಗುವುದು ನಾಲಿಗೆಯ ತುದಿ ತುಸು ಹಿಂದೆ ಮಡಚಿದ್ದರಿಂದ. ಮಿಲಿಸೆಕೆಂಡುಗಳ ಲೆಕ್ಕ ತಪ್ಪುವ ಕಿವಿಗೆ ಇಂಥ ಕಡೆಯಲ್ಲೆಲ್ಲ ಮುಗ್ಗರಿಕೆ.

ನಾಲ್ಕನೆಯ ತರಗತಿಯ ಹುಡುಗನೊಬ್ಬನನ್ನು ಅವನ ತಾಯಿ ನನ್ನ ಹತ್ತಿರ ಕರೆತಂದಿದ್ದರು. ಚೀಲದಲ್ಲಿ ಎರಡು ನೋಟುಪುಸ್ತಕಗಳಿದ್ದವು. ಕಾಪಿ ಬರೆದ ಪುಸ್ತಕದಲ್ಲಿ ದುಂಡಾದ ಅಕ್ಷರ, ತಪ್ಪು ಅಪರೂಪ. ಉಕ್ತಲೇಖನದ ಪುಸ್ತಕದ ತುಂಬ ಕೆಂಪು ಗೀಟು. ‘ಕತ್ತೆ’ಗೆ ‘ಕತೆ’, ‘ಹಳ್ಳಿ’ಗೆ ‘ಹಳಿ’, ‘ದೋಣಿ’ಗೆ ‘ತೊಣಿ’, ‘ಗೋಡೆ’ಗೆ ‘ಕೊಡೆ’. ಕೆಳಗೆ ‘ಗಮನವಿಲ್ಲ’ ಎಂಬ ಷರಾ. ‘ಹತ್ರ ಕೂತು ಹೇಳಿದ್ರೆ ಎಲ್ಲಾ ಮಾಡ್ತಾನೆ ಮೇಡಂ, ಟಿ.ವಿ. ಹಾಕಿದ್ರೆ ಮುಗೀತು, ಕರೆದ್ರೂ ತಿರುಗಲ್ಲ’ ಎಂದರು ತಾಯಿ. ಆಡಿಯೋಗ್ರಾಮ್ ಸರಿಯಾಗಿತ್ತು. ನಿಶ್ಶಬ್ದದಲ್ಲಿ ಕನ್ನಡ ಪದಗಳನ್ನು ಹೇಳಿದಾಗ ಹುಡುಗ ಒಂದೊಂದನ್ನೂ ಸ್ಪಷ್ಟವಾಗಿ ತಿರುಗಿ ಹೇಳಿದ. ಅದೇ ದನಿಯ ಹಿಂದೆ ಗದ್ದಲ ಸೇರಿಸಿದ ಕೂಡಲೇ ತಡವರಿಸಿದ, ಪದದ ಅರ್ಧ ಹೇಳಿ ನನ್ನ ಮುಖ ನೋಡಿದ. ಆಮೇಲೆ ಅವನೇ ಹೇಳಿದ: ‘ಮಿಸ್ ಮಾತಾಡೋದು ಕೇಳ್ಸತ್ತೆ, ಏನಂತ ಗೊತ್ತಾಗಲ್ಲ.’ ಈ ತೊಂದರೆಗೆ ಇದಕ್ಕಿಂತ ನೇರವಾದ ವಿವರಣೆಯನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಕಂಡಿಲ್ಲ.

ಇಲ್ಲಿ ಶಿಕ್ಷಕರಿಗೆ ಒಂದು ಎಚ್ಚರಿಕೆ. ಹಳೆ ಮೈಸೂರಿನ ಅನೇಕ ಮನೆಗಳಲ್ಲಿ ‘ಹಾಲು’ ‘ಆಲು’ ಆಗುತ್ತದೆ. ಮಹಾಪ್ರಾಣ ಎಷ್ಟೋ ಮಂದಿಯ ಆಡುಮಾತಿನಲ್ಲಿ ಇಲ್ಲವೇ ಇಲ್ಲ. ಮನೆಯಲ್ಲಿ ತುಳು, ಉರ್ದು, ತೆಲುಗು, ಲಂಬಾಣಿ ಆಡುವ ಮಕ್ಕಳ ಕಿವಿ ಬೇರೆ ಧ್ವನಿಗಳಿಗೆ ಪಳಗಿರುತ್ತದೆ. ಇದು ಮನೆಮಾತಿನ ಗುರುತು, ಕಾಯಿಲೆಯಲ್ಲ. ಮನೆಮಾತಿನಿಂದ ಬರುವ ವ್ಯತ್ಯಾಸ ಪ್ರತಿ ಸಲವೂ ಒಂದೇ ಥರ ಇರುತ್ತದೆ, ಮನೆಯವರೆಲ್ಲರ ಬಾಯಲ್ಲೂ ಇರುತ್ತದೆ. ಶ್ರವಣದ ತೊಂದರೆಯಿರುವ ಮಗುವಿನ ತಪ್ಪು ದೂರ, ಗದ್ದಲ, ಆಯಾಸದ ಜೊತೆ ಏರಿಳಿಯುತ್ತದೆ. ಇವತ್ತು ಸರಿ ಬರೆದದ್ದು ನಾಳೆ ತಪ್ಪುತ್ತದೆ.

ಪರೀಕ್ಷೆಯ ದಾರಿ

ಮೊದಲ ಹೆಜ್ಜೆ ಕಿವಿಯದೇ. ಕಿವಿ ಸೋರುವುದು, ನೆಗಡಿಯಿಂದ ಮಧ್ಯಕಿವಿಯಲ್ಲಿ ನೀರು ನಿಲ್ಲುವುದು ನಮ್ಮ ಮಕ್ಕಳಲ್ಲಿ ಸಾಮಾನ್ಯ. ಅದನ್ನು ವೈದ್ಯರು ನೋಡಿ ಸರಿಪಡಿಸಬೇಕು. ಆಮೇಲೆ ಆಡಿಯೋಗ್ರಾಮ್. ಅದು ಸರಿಯಿದ್ದು ದೂರು ಉಳಿದರೆ ಮುಂದಿನ ಪರೀಕ್ಷೆಗಳು: ಗದ್ದಲದಲ್ಲಿ ಪದ ಗುರುತಿಸುವುದು; ಸದ್ದಿನ ನಡುವಿನ ಬಿಡುವನ್ನು ಪತ್ತೆ ಹಚ್ಚುವುದು; ಗಿಡ್ಡ–ಉದ್ದ ಸದ್ದುಗಳ ಸರಣಿಯನ್ನು ಅದೇ ಕ್ರಮದಲ್ಲಿ ಹೇಳುವುದು; ಒಂದು ಕಿವಿಗೆ ‘ಪ’, ಅದೇ ಕ್ಷಣ ಇನ್ನೊಂದು ಕಿವಿಗೆ ‘ಗ’ ಕೇಳಿಸಿ ಎರಡನ್ನೂ ತಿರುಗಿ ಹೇಳಿಸುವುದು. ಇವುಗಳಿಗೆ ಮಗುವಿನ ಸಹಕಾರ ಬೇಕಾದ್ದರಿಂದ ಸಾಮಾನ್ಯವಾಗಿ ಏಳು ವರ್ಷದ ನಂತರವೇ ಮಾಡುತ್ತೇವೆ.

ಈ ವಿಷಯದಲ್ಲಿ ಕರ್ನಾಟಕ ಬರಿಗೈಯಲ್ಲಿ ಇಲ್ಲ. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಪದಪಟ್ಟಿಗಳು ಸಿದ್ಧವಾಗಿವೆ. ಅಲ್ಲಿನ ಆಶಾ ಯತಿರಾಜ್ ಮತ್ತು ಮಸ್ಕರೇನಸ್ ಶಿಕ್ಷಕರಿಗಾಗಿಯೇ 12 ಪ್ರಶ್ನೆಗಳ ಪಟ್ಟಿಯೊಂದನ್ನು ರೂಪಿಸಿದರು. ಹೌದು–ಇಲ್ಲ ಎಂದು ಗುರುತು ಹಾಕಿದರೆ ಸಾಕು. ಆರು ಅಥವಾ ಹೆಚ್ಚು ‘ಹೌದು’ ಬಂದರೆ ಮಗುವನ್ನು ಪರೀಕ್ಷೆಗೆ ಕಳಿಸಬೇಕು. ಓದು, ಬರಹದ ಮೌಲ್ಯಮಾಪನಕ್ಕೆ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳಿವೆ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಸಿದ್ಧಪಡಿಸಿದ ‘ಡಾಲಿ’ ಪರೀಕ್ಷೆಗಳು ಕನ್ನಡದಲ್ಲೂ ಇವೆ. ಒಂದು ಮಾತು ಮರೆಯಬಾರದು: ಮಗುವಿಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಪರೀಕ್ಷೆ ನಡೆಯಬೇಕು. ಮನೆಯಲ್ಲಿ ಕನ್ನಡವನ್ನಷ್ಟೇ ಆಡುವ, ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ ಮಗುವನ್ನು ಇಂಗ್ಲಿಷ್ ಪದಗಳಿಂದ ಅಳೆದರೆ ಸಿಗುವುದು ಇಂಗ್ಲಿಷ್ ಪರಿಚಯದ ಅಳತೆಯೇ ಹೊರತು ಶ್ರವಣದ್ದಲ್ಲ.

ಪರಿಹಾರ ಎಲ್ಲಿದೆ

1996ರಲ್ಲಿ ಟಲ್ಲಾಲ್, ಮೈಕೆಲ್ ಮರ್ಜೆನಿಕ್ ಮತ್ತು ಸಂಗಡಿಗರು ಮಾತಿನ ವೇಗದ ಭಾಗಗಳನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಗಟ್ಟಿಗೊಳಿಸಿ, ಆಟಗಳ ಮೂಲಕ ಮಕ್ಕಳಿಗೆ ತರಬೇತಿ ಕೊಟ್ಟ ಫಲಿತಾಂಶ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಅದೇ ‘ಫಾಸ್ಟ್ ಫಾರ್‌ವರ್ಡ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೂ ಬಂತು. ತಂದೆ ತಾಯಂದಿರು ಬಹಳ ಆಸೆ ಇಟ್ಟುಕೊಂಡರು. 2011ರಲ್ಲಿ ಬ್ರಿಟನ್ನಿನ ಸಂಶೋಧಕರು ಒಳ್ಳೆಯ ಗುಣಮಟ್ಟದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಓದನ್ನು ಅದು ಸುಧಾರಿಸುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಬರೀ ಸದ್ದಿನ ತರಬೇತಿ ಓದಿಗೆ ದಾಟುವುದಿಲ್ಲ ಎಂಬುದು ಇದರ ಪಾಠ. ಇಂದು ಬೇರೆ ಬೇರೆ ಹೆಸರಿನಲ್ಲಿ ಸಾವಿರಾರು ರೂಪಾಯಿಗೆ ಮಾರುವ ‘ಮಿದುಳಿನ ವ್ಯಾಯಾಮ’ಗಳ ಮುಂದೆ ನಿಂತಾಗ ತಂದೆ ತಾಯಂದಿರು ಇದನ್ನು ನೆನಪಿಟ್ಟುಕೊಳ್ಳಬೇಕು.

ಫಲ ಕೊಡುವ ದಾರಿ 1983ರಲ್ಲೇ ಕಂಡಿತ್ತು. ಆಕ್ಸ್‌ಫರ್ಡಿನ ಲಿನೆಟ್ ಬ್ರ್ಯಾಡ್ಲಿ ಮತ್ತು ಪೀಟರ್ ಬ್ರಯಂಟ್ ಕೆಲವು ಮಕ್ಕಳಿಗೆ ಪ್ರಾಸ, ಮೊದಲ ಧ್ವನಿ, ಕೊನೆಯ ಧ್ವನಿ ಗುರುತಿಸಲು ಮಾತ್ರ ಕಲಿಸಿದರು. ಇನ್ನು ಕೆಲವರಿಗೆ ಅದರ ಜೊತೆಗೆ ಪ್ಲಾಸ್ಟಿಕ್ ಅಕ್ಷರಗಳನ್ನೂ ಕೈಗೆ ಕೊಟ್ಟರು. ಓದಿನಲ್ಲಿ ಎಲ್ಲರಿಗಿಂತ ಮುಂದೆ ಹೋದದ್ದು ಶಬ್ದವನ್ನೂ ಅಕ್ಷರವನ್ನೂ ಜೊತೆಯಾಗಿ ಕಲಿತವರು. ನಮ್ಮ ಮನೆ, ಶಾಲೆಗಳಲ್ಲಿ ಇದನ್ನು ಮಾಡಲು ಖರ್ಚೇನೂ ಇಲ್ಲ. ‘ಬಲೆ’, ‘ಬಳೆ’ ಎರಡು ಚೀಟಿ ಮೇಜಿನ ಮೇಲಿಡಿ. ಮುಖ ಕಾಣುವಂತೆ ಕೂತು ಒಂದನ್ನು ಹೇಳಿ. ಮಗು ಮುಟ್ಟಲಿ, ತಿರುಗಿ ಹೇಳಲಿ, ಬರೆಯಲಿ. ನಂತರ ‘ಕತೆ’–‘ಕತ್ತೆ’, ‘ಕೊಡು’–‘ಕೋಡು’. ಪದವನ್ನು ಚಪ್ಪಾಳೆ ತಟ್ಟಿ ಅಕ್ಷರಕ್ಕೆ ಒಡೆಯಲಿ. ಶಿಶುಪ್ರಾಸ, ಅಂತ್ಯಾಕ್ಷರಿ, ತಾಳ ಹಾಕಿ ಹಾಡುವುದು ಎಲ್ಲ ನಮ್ಮಲ್ಲಿ ಮೊದಲಿನಿಂದ ಇವೆ. ಹಾಡಿದ ಮೇಲೆ ಆ ಪದವನ್ನು ಅಕ್ಷರದಲ್ಲಿ ತೋರಿಸುವುದನ್ನು ಬಿಡಬಾರದು. ದಿನಕ್ಕೆ ಹತ್ತು–ಹದಿನೈದು ನಿಮಿಷ, ತಪ್ಪದೆ.

ಎರಡನೆಯದು ತರಗತಿ. 2002ರ ಅಮೆರಿಕದ ಮಾನದಂಡದ ಪ್ರಕಾರ ಖಾಲಿ ತರಗತಿಯ ಹಿನ್ನೆಲೆ ಸದ್ದು 35 ಡೆಸಿಬೆಲ್ ಮೀರಬಾರದು, ಪ್ರತಿಧ್ವನಿ 0.6 ಸೆಕೆಂಡಿನೊಳಗೆ ಅಡಗಬೇಕು. ಟೀಚರ ದನಿ ಗದ್ದಲಕ್ಕಿಂತ 15 ಡೆಸಿಬೆಲ್ಲಿನಷ್ಟಾದರೂ ಮೇಲಿರಬೇಕು ಎಂಬುದು ತಜ್ಞರ ಸಲಹೆ. ನಮ್ಮ ಶೀಟಿನ ಮಾಡು, ಸಿಮೆಂಟು ನೆಲ, ಬರಿಗೋಡೆ, ಕಟಕಟ ಎನ್ನುವ ಫ್ಯಾನು, ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿಗಳನ್ನು ನೆನೆಸಿಕೊಳ್ಳಿ. ಕಟ್ಟಡ ಬದಲಿಸಲು ಆಗದಿದ್ದರೂ ಫ್ಯಾನು ರಿಪೇರಿ ಮಾಡಿಸಬಹುದು, ಬೆಂಚಿನ ಕಾಲಿಗೆ ರಬ್ಬರು ಹಾಕಬಹುದು, ಗೋಡೆಗೆ ಬಟ್ಟೆ, ದಪ್ಪ ಬೋರ್ಡು ತೂಗುಹಾಕಬಹುದು. ಮಗುವನ್ನು ಮುಂದೆ, ಫ್ಯಾನು ಕಿಟಕಿಗಳಿಂದ ದೂರ ಕೂರಿಸಿ. ಕಪ್ಪುಹಲಗೆಯ ಕಡೆ ತಿರುಗಿ ಮಾತಾಡಬೇಡಿ. ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ, ಮಗುವಿನ ಬಾಯಿಂದ ಅದನ್ನು ತಿರುಗಿ ಹೇಳಿಸಿ. ಗದ್ದಲದ ನಡುವೆ ಕೊಟ್ಟ ಉಕ್ತಲೇಖನಕ್ಕೆ ಅಂಕ ಹಾಕಬೇಡಿ.

ಸಾಧ್ಯವಿರುವ ಕಡೆ ಇನ್ನೊಂದು ನೆರವಿದೆ. ಟೀಚರ ಕೊರಳಿಗೆ ಪುಟ್ಟ ಮೈಕು, ಮಗುವಿನ ಕಿವಿಗೆ ರಿಸೀವರು. ದನಿ ನೇರವಾಗಿ ಮಗುವಿಗೆ ತಲುಪುತ್ತದೆ. ನೀನಾ ಕ್ರಾಸ್ ಅವರ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಡಿಸ್ಲೆಕ್ಸಿಯಾ ಇರುವ ಮಕ್ಕಳು ಇಂಥ ಸಾಧನವನ್ನು ಒಂದು ಶಾಲಾವರ್ಷ ಬಳಸಿದ ಮೇಲೆ ಓದಿನಲ್ಲಿ, ಧ್ವನಿಗಳ ಅರಿವಿನಲ್ಲಿ ಮುಂದೆ ಬಂದರು. ಮಿದುಳಿನ ಕಾಂಡದ ಪ್ರತಿಕ್ರಿಯೆಯೂ ಹೆಚ್ಚು ಸ್ಥಿರವಾಯಿತು. ಸಾಧನವಿಲ್ಲದೆ ಅದೇ ಶಾಲೆಗಳಲ್ಲಿ ಕಲಿತ ಮಕ್ಕಳಲ್ಲಿ ಈ ಬದಲಾವಣೆ ಕಾಣಲಿಲ್ಲ. ಅಧ್ಯಯನ ಸಣ್ಣದು, ಆದರೆ ಸ್ಪಷ್ಟ ಮಾತು ದಿನವೂ ಕಿವಿಗೆ ಬಿದ್ದರೆ ಮಿದುಳು ಕಲಿಯುತ್ತದೆ ಎಂಬ ಭರವಸೆಗೆ ಇದು ಆಧಾರ.

ಕೊನೆಯದಾಗಿ, ಹಕ್ಕಿನ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ತೊಂದರೆಯನ್ನು ತನ್ನ ಪಟ್ಟಿಗೆ ಸೇರಿಸಿದೆ. ಡಿಸ್ಲೆಕ್ಸಿಯಾ ಅದರಲ್ಲಿ ಇದೆ. ಮಕ್ಕಳಲ್ಲಿ ಅದನ್ನು ಆದಷ್ಟು ಬೇಗ ಗುರುತಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ, ಇವುಗಳಿಗೆ ಕಾಯ್ದೆಯಲ್ಲಿ ಅವಕಾಶವಿದೆ. ಇದಕ್ಕಾಗಿ ಯಾರ ದಯೆಯನ್ನೂ ಬೇಡಬೇಕಾಗಿಲ್ಲ.

ಇಲ್ಲಿರುವ ಶಿಕ್ಷಕರಲ್ಲಿ ನನ್ನ ಬೇಡಿಕೆ ಇಷ್ಟೇ. ಬರುವ ವಾರ ನಿಮ್ಮ ತರಗತಿಯ ಕಾಪಿ ಪುಸ್ತಕ ಮತ್ತು ಉಕ್ತಲೇಖನದ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಸರಿ, ಇನ್ನೊಂದರಲ್ಲಿ ತಪ್ಪಿನ ರಾಶಿ ಇರುವ ಮಕ್ಕಳ ಹೆಸರು ಬರೆದುಕೊಳ್ಳಿ. ‘ಗಮನವಿಲ್ಲ’ ಎಂದು ಷರಾ ಹಾಕುವ ಮೊದಲು ಆ ಮಗುವನ್ನು ಹತ್ತಿರ ಕರೆದು, ಸದ್ದಿಲ್ಲದ ಕಡೆ ಕೂರಿಸಿ, ಅದೇ ಪದಗಳನ್ನು ಮತ್ತೊಮ್ಮೆ ಹೇಳಿ ಬರೆಸಿ. ಆಗ ಸರಿ ಬರೆದರೆ ಅದರ ತಂದೆ ತಾಯಿಯನ್ನು ಕರೆಸಿ, ಶ್ರವಣತಜ್ಞರ ಹತ್ತಿರ ಕಳಿಸಿ. ಆಗಲೂ ತಪ್ಪಿದರೆ ಕಿವಿಯ ಜೊತೆ ಓದು, ಬರಹದ ಮೌಲ್ಯಮಾಪನಕ್ಕೂ ಕಳಿಸಿ. ಎಷ್ಟು ಬೇಗ ಗುರುತಿಸಿದರೆ ಅಷ್ಟು ಒಳ್ಳೆಯದು. ತಾನು ದಡ್ಡ ಎಂದು ಮಗು ನಂಬುವ ಮೊದಲೇ ಆ ಕೆಲಸ ಆಗಬೇಕು.